ಸದ್ದು ದಾಟದ ಕೋಣೆ ಕಟ್ಟುವ ಬಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆ ಕಟ್ಟುವವರ ಸಂದೇಹಗಳಿಗೆ ಮೀಸಲಾದ ಈ ಅಂಕಣಕ್ಕೆ ಸದ್ದಿನ ಕುರಿತು ಬಂದ ಪತ್ರಗಳಲ್ಲಿ ಆರನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಒಂದಕ್ಕೆ ಬರೆದ ಉತ್ತರ ಮತ್ತೊಂದಕ್ಕೂ ಬೇಕಾಗುವುದರಿಂದ ಎಲ್ಲವನ್ನೂ ಕ್ರಮವಾಗಿ ಓದಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: 30x40 ನಿವೇಶನದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮಗಳು ಮೃದಂಗ ಕಲಿಯುತ್ತಿದ್ದಾಳೆ ಮತ್ತು ಬೆಳಗಿನ ಜಾವ ಐದಕ್ಕೇ ಸಾಧನೆಗೆ ಕೂರುತ್ತಾಳೆ. ಪಕ್ಕದ ಮನೆಯಲ್ಲಿ ವಯಸ್ಸಾದ ದಂಪತಿ ಇದ್ದಾರೆ. ಅವರ ನಿದ್ದೆ ಕೆಡದಂತೆ ಮೊದಲ ಮಹಡಿಯಲ್ಲಿ 10x12 ಅಡಿಯ ಕೋಣೆಯೊಂದನ್ನು ಸದ್ದು ಹೊರಬಾರದ ಹಾಗೆ ಕಟ್ಟಬೇಕೆಂದಿದ್ದೇವೆ. ಗೋಡೆಗೆ ಥರ್ಮೋಕೋಲ್ ಅಂಟಿಸಿ ಮೇಲೆ ಪ್ಲೈವುಡ್ ಹೊಡೆದರೆ ಸಾಕು ಎಂದು ಮೇಸ್ತ್ರಿ ಹೇಳುತ್ತಾರೆ. ಇದು ಸರಿಯೇ? (ಮೈಸೂರಿನ ಓದುಗರು)

ಉತ್ತರ: ಥರ್ಮೋಕೋಲ್ ಬೇಡ. ಅದು ಬಿಸಿಲಿನ ಕಾವನ್ನು ತಡೆಯುತ್ತದೆಯೇ ಹೊರತು ಸದ್ದನ್ನಲ್ಲ. ಗೋಡೆಗೆ ಥರ್ಮೋಕೋಲ್ ಅಂಟಿಸಿ ಅದರ ಮೇಲೆ ತೆಳ್ಳಗಿನ ಪ್ಲೈವುಡ್ ಹೊಡೆದರೆ, ಹಗುರವಾದ ಹಲಗೆಯೂ ಬಿಗಿಯಾದ ಥರ್ಮೋಕೋಲೂ ಕೂಡಿ ಅನುರಣಿಸಿ, ಅಂದರೆ ಸದ್ದಿನೊಂದಿಗೆ ತಾವೂ ಜೋರಾಗಿ ಕಂಪಿಸಿ, ಕೆಲವು ಸ್ವರಗಳ ಮಟ್ಟಿಗೆ ಆ ಗೋಡೆಯ ತಡೆ ಬರಿಯ ಇಟ್ಟಿಗೆ ಗೋಡೆಗಿಂತಲೂ ಕಡಿಮೆಯಾಗುತ್ತದೆ. ಹಣ ಕೊಟ್ಟು ಗೋಡೆಯನ್ನು ಕೆಡಿಸಿಕೊಳ್ಳುವ ಕೆಲಸವಿದು.

ಸದ್ದನ್ನು ನಿಜವಾಗಿ ತಡೆಯುವುದು ಗೋಡೆಯ ತೂಕ, ಎರಡು ಪದರಗಳ ನಡುವಿನ ಬಿಡುವು ಮತ್ತು ಗಾಳಿಯೂ ನುಸುಳದಷ್ಟು ಬಿಗಿಯಾದ ಸಂದುಗಳು. ಈ ಮೂರರಲ್ಲಿ ಯಾವುದು ಸಡಿಲವಾದರೂ ಉಳಿದೆರಡಕ್ಕೆ ಹಾಕಿದ ಹಣ ವ್ಯರ್ಥ. ಆದ್ದರಿಂದ ಕೆಲಸಕ್ಕೆ ಕೈಹಾಕುವ ಮೊದಲು ನಿಮಗೆ ಎಷ್ಟು ತಡೆ ಬೇಕೆಂಬುದನ್ನು ಲೆಕ್ಕ ಹಾಕಬೇಕು. ಮುಚ್ಚಿದ ಸಣ್ಣ ಕೋಣೆಯಲ್ಲಿ ಮೃದಂಗ ನುಡಿಸಿದರೆ ಸದ್ದಿನ ಮಟ್ಟ ಸುಮಾರು 90 ಡೆಸಿಬೆಲ್ ಆಸುಪಾಸಿಗೆ ಬರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯ ಮಿತಿ 45; ಅಲ್ಲಿ ರಾತ್ರಿಯೆಂದರೆ ಹತ್ತು ಗಂಟೆಯಿಂದ ಬೆಳಿಗ್ಗೆ ಆರರವರೆಗೆ, ಅಂದರೆ ನಿಮ್ಮ ಮಗಳ ಸಾಧನೆಯ ಮೊದಲ ಗಂಟೆ ರಾತ್ರಿಯ ಲೆಕ್ಕಕ್ಕೇ ಸೇರುತ್ತದೆ. ಕಾನೂನಿನ ಮಾತು ಹಾಗಿರಲಿ, ನಿಶ್ಶಬ್ದವಾದ ಜಾವದಲ್ಲಿ ಹಿರಿಯರ ನಿದ್ದೆ ಕೆಡಬಾರದೆಂದರೆ ಅವರ ಕಿಟಕಿಯ ಬಳಿ ಸದ್ದು 35ಕ್ಕಿಂತ ಕೆಳಗಿಳಿಯಬೇಕು. ಹಾಗಾದರೆ ನಿಮಗೆ ಬೇಕಾಗಿರುವುದು ಸುಮಾರು 55 ಡೆಸಿಬೆಲ್ ತಡೆ. ಮೃದಂಗದ ವಿಷಯದಲ್ಲಿ ಇದನ್ನು ಸಡಿಲಿಸಬೇಡಿರೆಂದು ಹೇಳಲು ಒಂದು ಕಾರಣವಿದೆ. ಕರಣೆ (ಚರ್ಮದ ನಡುವಿನ ಕಪ್ಪು ಲೇಪ) ಹಾಕಿದ ನಮ್ಮ ಚರ್ಮವಾದ್ಯಗಳ ಉಪಸ್ವರಗಳು, ಅಂದರೆ ಮೂಲಸ್ವರದ ಜೊತೆಗೇ ಏಳುವ ಮೇಲಿನ ಸ್ವರಗಳು, ತಂತಿವಾದ್ಯಗಳಲ್ಲಿರುವ ಹಾಗೆ ಒಂದಕ್ಕೊಂದು ಹೊಂದಿಕೊಂಡಿರುತ್ತವೆಯೆಂದು ಸಿ. ವಿ. ರಾಮನ್ 1920ರಲ್ಲೇ ತೋರಿಸಿದ್ದರು. ಇಂಥ ಸ್ಪಷ್ಟ ಶ್ರುತಿಯುಳ್ಳ ನಾದ ಗೋಡೆ ದಾಟಿ ಕ್ಷೀಣವಾಗಿ ಬಂದರೂ ಬೇರೆ ಗದ್ದಲದಲ್ಲಿ ಕರಗಿಹೋಗದೆ ಕಿವಿಯನ್ನು ಹಿಡಿದು ನಿಲ್ಲಿಸುತ್ತದೆ.

ಎರಡೂ ಕಡೆ ಗಿಲಾವು ಮಾಡಿದ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ ಚದರ ಮೀಟರಿಗೆ 450 ಕೆ.ಜಿ.ಗೂ ಹೆಚ್ಚು ತೂಗುತ್ತದೆ ಮತ್ತು ಸುಮಾರು 50 ಡೆಸಿಬೆಲ್ ಸದ್ದನ್ನು ತಡೆಯುತ್ತದೆ. ಗುರಿಗೆ ಇದು ಹತ್ತಿರವೇ ಇದೆ. ಆದರೆ 12 ಅಡಿ ಉದ್ದ, 9 ಅಡಿ ಎತ್ತರದ ಆ ಗೋಡೆಯಲ್ಲಿ 4 ಅಡಿ ಚೌಕದ ಸಾಧಾರಣ ಕಿಟಕಿಯೊಂದನ್ನು ಇಟ್ಟಿರೆಂದುಕೊಳ್ಳಿ. ಆ ಕಿಟಕಿ 25 ಡೆಸಿಬೆಲ್ ಮಾತ್ರ ತಡೆಯುತ್ತದೆ ಎಂದಾದರೆ ಗೋಡೆ, ಕಿಟಕಿ ಎರಡೂ ಸೇರಿದ ಒಟ್ಟು ತಡೆ ಕೇವಲ 33ಕ್ಕೆ ಇಳಿಯುತ್ತದೆ. ಗೋಡೆಯನ್ನು ಇನ್ನೆಷ್ಟು ದಪ್ಪ ಮಾಡಿದರೂ ಈ ಸಂಖ್ಯೆ ಮೇಲೇಳುವುದಿಲ್ಲ. ಹಾಗಾಗಿ ನಿಮ್ಮ ನಕ್ಷೆ ಇನ್ನೂ ಕಾಗದದ ಮೇಲಿದ್ದರೆ ನನ್ನ ಮೊದಲ ಸಲಹೆ ಖರ್ಚಿಲ್ಲದ್ದು: ಪಕ್ಕದ ಮನೆಯ ಕಡೆಗೆ ಈ ಕೋಣೆಗೆ ಕಿಟಕಿಯನ್ನೇ ಇಡಬೇಡಿ, ಸಾಧ್ಯವಾದರೆ ಆ ಗೋಡೆಗೂ ಕೋಣೆಗೂ ನಡುವೆ ಬಚ್ಚಲನ್ನೋ ಸಾಮಾನಿನ ಕೋಣೆಯನ್ನೋ ತನ್ನಿ, ಮತ್ತು ಸಾಧನೆಯ ಕೋಣೆಯನ್ನು ಮೊದಲ ಮಹಡಿಯಿಂದ ನೆಲಮಹಡಿಗೆ ಇಳಿಸಿ. ನೆಲಮಹಡಿಗೆ ಇಳಿಸಿ ಎಂದದ್ದೇಕೆಂದು ಮುಂದೆ ವಿವರಿಸುತ್ತೇನೆ.

ಉಳಿದ ತಡೆಯನ್ನು ಕೋಣೆಯೊಳಗೆ ಇನ್ನೊಂದು ಕೋಣೆ ಕಟ್ಟಿಯೇ ಪಡೆಯಬೇಕು. ಇಟ್ಟಿಗೆ ಗೋಡೆಯಿಂದ ಸ್ವಲ್ಪ ದೂರದಲ್ಲಿ, ಅದಕ್ಕೆ ಎಲ್ಲಿಯೂ ತಾಗದ ಹಾಗೆ ತಗಡಿನ ಚೌಕಟ್ಟನ್ನು ನಿಲ್ಲಿಸಿ, ನಡುವಿನ ಜಾಗದಲ್ಲಿ ಗಾಜಿನ ಇಲ್ಲವೇ ಕಲ್ಲಿನ ಎಳೆಗಳ ಉಣ್ಣೆಯಾದ ಗ್ಲಾಸ್‌ವೂಲ್ ಅಥವಾ ರಾಕ್‌ವೂಲ್ ತುಂಬಿ, ಕೋಣೆಯ ಕಡೆಯಿಂದ 12.5 ಮಿಲಿಮೀಟರಿನ ಜಿಪ್ಸಂ ಬೋರ್ಡನ್ನು ಎರಡು ಪದರ ಹೊಡೆಯಬೇಕು. ಮೊದಲ ಪದರದ ಸಂದುಗಳ ಮೇಲೆ ಎರಡನೆಯ ಪದರದ ಸಂದುಗಳು ಬರಬಾರದು. ಇಲ್ಲಿ ಬಿಡುವಿನ ಅಳತೆ ಬಹಳ ಮುಖ್ಯ. ಗೋಡೆಯಿಂದ ಒಂದೇ ಅಂಗುಲ ಬಿಟ್ಟು ಒಂದೇ ಪದರ ಬೋರ್ಡು ಹಾಕಿದರೆ ಬೋರ್ಡೂ ಒಳಗಿನ ಗಾಳಿಯೂ ಸೇರಿ ಸೆಕೆಂಡಿಗೆ ಸುಮಾರು 125 ಕಂಪನಗಳಲ್ಲಿ, ಅಂದರೆ 125 ಹರ್ಟ್ಸ್‌ನಲ್ಲಿ ಅನುರಣಿಸುತ್ತವೆ, ಮತ್ತು ಮೃದಂಗದ ಗಂಭೀರವಾದ ನಾದವಿರುವುದು ಆ ಆಸುಪಾಸಿನಲ್ಲೇ. ಬಿಡುವನ್ನು ನಾಲ್ಕು ಅಂಗುಲಕ್ಕೂ ಬೋರ್ಡನ್ನು ಎರಡು ಪದರಕ್ಕೂ ಏರಿಸಿದರೆ ಆ ಅನುರಣನ 45 ಹರ್ಟ್ಸ್‌ಗೆ ಇಳಿದು ವಾದ್ಯದ ವ್ಯಾಪ್ತಿಯಿಂದ ಹೊರಗೆ ಬೀಳುತ್ತದೆ. ಎರಡು ಪಕ್ಕಗಳಿಂದ ಸೇರಿ ಕೋಣೆಯ ಅಗಲದಲ್ಲಿ ಹತ್ತು ಅಂಗುಲದಷ್ಟು ಕಳೆದುಕೊಳ್ಳುತ್ತೀರಿ. ಅದನ್ನು ಈಗಲೇ ನಕ್ಷೆಯಲ್ಲಿ ಸೇರಿಸಿಕೊಳ್ಳಿ. ಒಳಮಾಳಿಗೆಯನ್ನೂ ಇದೇ ರೀತಿ ಎರಡು ಪದರದಲ್ಲಿ ಮಾಡಿಸಿ, ಮೇಲಿನ ಮೋಲ್ಡಿಗೆ ಬಿಗಿಯಾಗಿ ಕಟ್ಟದೆ ರಬ್ಬರ್ ಇರುವ ಹ್ಯಾಂಗರುಗಳಿಂದ ತೂಗುಬಿಡಬೇಕು, ಇಲ್ಲವೇ ಒಳಗೋಡೆಗಳ ಮೇಲೆಯೇ ಕೂರಿಸಬೇಕು.

ನೆಲದ ವಿಚಾರಕ್ಕೆ ಬಂದರೆ, ಒಳಕೋಣೆ ನಿಲ್ಲಬೇಕಾದದ್ದು ತೇಲುವ ನೆಲದ ಮೇಲೆ. ಕಾಂಕ್ರೀಟಿನ ಮೇಲೆ ಗಟ್ಟಿಯಾದ ರಾಕ್‌ವೂಲ್ ಹಲಗೆ ಅಥವಾ ದಪ್ಪ ರಬ್ಬರ್ ಹಾಸು, ಅದರ ಮೇಲೆ ಪಾಲಿಥೀನ್ ಹಾಳೆ, ಅದರ ಮೇಲೆ ಜಾಲರಿ ಹಾಕಿದ ಮೂರು ಅಂಗುಲದ ಕಾಂಕ್ರೀಟು. ಇದು ಚದರ ಮೀಟರಿಗೆ ಸುಮಾರು 180 ಕೆ.ಜಿ. ತೂಗುತ್ತದೆ. ಮನೆಯ ಮಹಡಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕೆ.ಜಿ.ಯಷ್ಟು ಬಳಕೆಯ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಬಹುಪಾಲನ್ನು ಈ ನೆಲವೊಂದೇ ನುಂಗಿಬಿಟ್ಟರೆ ಮುಂದೇನು? ನೆಲಮಹಡಿಯಲ್ಲಾದರೆ ಈ ಭಾರ ಮಣ್ಣಿನ ಮೇಲೆ ಕೂರುತ್ತದೆ. ಮೇಲಿನ ಮಹಡಿಯೇ ಬೇಕೆಂದಿದ್ದರೆ ಸ್ಟ್ರಕ್ಚರಲ್ ಎಂಜಿನಿಯರರಿಗೆ ಮೋಲ್ಡು ಹಾಕುವ ಮೊದಲೇ ತಿಳಿಸಲೇಬೇಕು, ಹಾಕಿದ ಮೇಲಲ್ಲ.

ತೇಲುವ ನೆಲ ನಾಲ್ಕೂ ಅಂಚುಗಳಲ್ಲಿ ಗೋಡೆಗೆ ತಾಗಬಾರದು, ಅದಕ್ಕಾಗಿ ಅಂಚಿನ ಸುತ್ತ ಮೆತ್ತನೆಯ ಪಟ್ಟಿಯನ್ನು ನಿಲ್ಲಿಸುತ್ತಾರೆ. ನಾನು ಪರಿಶೀಲಿಸಿದ ಒಂದು ಕೋಣೆಯಲ್ಲಿ ಇದೆಲ್ಲವನ್ನೂ ಸರಿಯಾಗಿ ಮಾಡಿದ್ದರು. ಕೊನೆಯಲ್ಲಿ ಬಂದ ಟೈಲ್ಸ್ ಕೆಲಸದವರು, ಅಂಚಿನ ಪಟ್ಟಿ ನೆಲಕ್ಕಿಂತ ಮೇಲೆ ಕಾಣುತ್ತದೆಂದು ಅದನ್ನು ಕೊಯ್ದು, ಬಾಗಿಲ ಬಳಿ ಇಟ್ಟಿಗೆ ಗೋಡೆ ಬಂದ ಕಡೆ ಸ್ಕರ್ಟಿಂಗ್ ಕಲ್ಲನ್ನು ಸಿಮೆಂಟಿನಿಂದ ನೆಲಕ್ಕೂ ಗೋಡೆಗೂ ಒಟ್ಟಿಗೆ ಬೆಸೆದಿದ್ದರು. ನೆಲದ ಮೇಲೆ ಮೆಲ್ಲಗೆ ಗುದ್ದಿದರೆ ಆಚೆಯ ಕೋಣೆಯ ಗೋಡೆಯಲ್ಲಿ ಸದ್ದು ಕೇಳುತ್ತಿತ್ತು. ಸ್ಕರ್ಟಿಂಗ್ ಕಿತ್ತು, ಕೆಳಗೆ ಸಂದು ಬಿಟ್ಟು, ಅದಕ್ಕೆ ಮೆದು ಸೀಲೆಂಟ್ ತುಂಬಿದ ಮೇಲೆ ಅದು ನಿಂತಿತು. ಇಂಥ ಒಂದು ಮೊಳೆ, ಒಂದು ವೈರಿಂಗ್ ಪೈಪು, ಬಿಡುವಿನಲ್ಲಿ ಬಿದ್ದ ಒಂದು ಹಿಡಿ ಗಾರೆ ಎರಡು ಪದರಗಳನ್ನು ಬೆಸೆದುಬಿಡುವುದರಿಂದ, ಗಾರೆಯವರು, ಎಲೆಕ್ಟ್ರಿಷಿಯನ್, ಟೈಲ್ಸಿನವರು ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮೊದಲೇ ವಿವರಿಸುವುದು ಅಗತ್ಯ.

ಬಾಗಿಲು ಎರಡಿರಲಿ: ಇಟ್ಟಿಗೆ ಗೋಡೆಯಲ್ಲೊಂದು, ಒಳಗೋಡೆಯಲ್ಲೊಂದು. ಎರಡೂ ಪೊಳ್ಳಿಲ್ಲದ ಗಟ್ಟಿ ಹಲಗೆಯವಾಗಿರಲಿ. ಚೌಕಟ್ಟಿನ ಸುತ್ತ ರಬ್ಬರ್ ಗ್ಯಾಸ್ಕೆಟ್ ಇರಲಿ, ಕೆಳಗೆ ಹೊಸ್ತಿಲು ಇರಲಿ. ಹೊಸ್ತಿಲು ಬೇಡವೆಂದರೆ ಬಾಗಿಲು ಮುಚ್ಚಿದಾಗ ತಾನಾಗಿ ಕೆಳಗಿಳಿದು ನೆಲಕ್ಕೆ ಒತ್ತಿಕೊಳ್ಳುವ ಪಟ್ಟಿಗಳು ಸಿಗುತ್ತವೆ. ಮೂರಡಿ ಅಗಲದ ಬಾಗಿಲಿನ ಕೆಳಗೆ ಬರಿಯ ಒಂದು ಸೆಂಟಿಮೀಟರ್ ಸಂದು ಉಳಿದರೂ ಆ ಬಾಗಿಲು, ಅದು ಎಷ್ಟೇ ಭಾರವಾಗಿದ್ದರೂ, 23 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ಕೆಲಸ ಮುಗಿದ ಮೇಲೆ ರಾತ್ರಿ ಕೋಣೆಯ ದೀಪ ಆರಿಸಿ ಒಳಗೆ ನಿಂತು, ಹೊರಗಿನಿಂದ ಒಬ್ಬರು ಬಾಗಿಲ ಅಂಚಿಗೆ ಟಾರ್ಚ್ ಹಿಡಿಯಲಿ. ಬೆಳಕಿನ ಗೆರೆ ಕಂಡಲ್ಲೆಲ್ಲ ಸದ್ದಿಗೂ ದಾರಿ ಇದೆಯೆಂದು ತಿಳಿಯಿರಿ. ಗ್ಯಾಸ್ಕೆಟ್ಟಿನ ನಡುವೆ ಕಾಗದದ ಚೂರನ್ನಿಟ್ಟು ಬಾಗಿಲು ಮುಚ್ಚಿದಾಗ ಆ ಕಾಗದ ಸುಲಭವಾಗಿ ಎಳೆದು ಬರಬಾರದು.

ಮಗಳು ಆರೂವರೆಯ ನಂತರ ಮಾತ್ರ ಕೂರುವಳೆಂದಿದ್ದರೆ ಒಳಕೋಣೆಯ ಈ ಖರ್ಚನ್ನು ಬಿಟ್ಟು, ಕಿಟಕಿಯಿಲ್ಲದ ಒಂಬತ್ತು ಅಂಗುಲದ ಗೋಡೆ ಮತ್ತು ಒಳ್ಳೆಯ ಬಾಗಿಲಿನಲ್ಲೇ ಮುಗಿಸಬಹುದು ಎನ್ನುತ್ತಿದ್ದೆ. ಆದರೆ ಜಾವದ ಸಾಧನೆಯನ್ನು ಬಿಡಿ ಎಂದು ವಿದ್ಯಾರ್ಥಿನಿಯೊಬ್ಬಳಿಗೆ ಹೇಳಲು ನನಗೆ ಮನಸ್ಸಿಲ್ಲ. ಮುಚ್ಚಿದ ಈ ಕೋಣೆಗೆ ಉಸಿರಾಡುವ ಗಾಳಿ ಹೇಗೆ ಬರಬೇಕೆಂಬುದನ್ನು ಮುಂದೆ ಧಾರವಾಡದ ಓದುಗರಿಗೆ ಬರೆದ ಉತ್ತರದಲ್ಲಿ ತಪ್ಪದೆ ನೋಡಿ.

ಪ್ರಶ್ನೆ: ಮಹಡಿಯ ಮೇಲೆ ಹಾಡಿನ ಅಭ್ಯಾಸಕ್ಕೆಂದು ಒಂದು ಕೋಣೆ ಮಾಡಿಕೊಂಡಿದ್ದೇವೆ. ಗೋಡೆಗೆಲ್ಲ ಏಣುಗಳಿರುವ ಕಪ್ಪು ಫೋಮ್ ಅಂಟಿಸಿ, ಒಂದು ಗೋಡೆಗೆ ಮೊಟ್ಟೆಯ ಟ್ರೇಗಳನ್ನೂ ಹೊಡೆದೆವು. ಒಳಗೆ ಪ್ರತಿಧ್ವನಿ ನಿಂತಿದೆ, ಆದರೆ ಸ್ಪೀಕರಿನ ಸದ್ದು ಕೆಳಗಿನ ಮನೆಗೆ ಮೊದಲಿನಷ್ಟೇ ಕೇಳುತ್ತದೆ. ಫೋಮ್ ಇನ್ನೂ ದಪ್ಪನೆಯದು ಹಾಕಬೇಕೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಬೇಡ, ಹಾಕಿರುವುದನ್ನೂ ತೆಗೆಯಿರಿ. ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುವುದು ಒಂದು ಕೆಲಸ, ಸದ್ದು ಗೋಡೆ ದಾಟದಂತೆ ತಡೆಯುವುದು ಬೇರೆಯೇ ಕೆಲಸ. ಮಾರುವವರು ಎರಡಕ್ಕೂ ಸೌಂಡ್‌ಪ್ರೂಫ್ ಎಂಬ ಒಂದೇ ಹೆಸರು ಕೊಡುವುದರಿಂದ ಜನ ಮೋಸಹೋಗುತ್ತಿದ್ದಾರೆ. ಫೋಮಿನ ಒಂದು ತುಂಡನ್ನು ಬಾಯಿಗೆ ಹಿಡಿದು ಊದಿ ನೋಡಿ. ಗಾಳಿ ಆ ಬದಿಗೆ ಬರುತ್ತದೆ. ಗಾಳಿಗೆ ದಾರಿ ಕೊಡುವ ವಸ್ತು ಸದ್ದಿಗೂ ದಾರಿ ಕೊಡುತ್ತದೆ. ಎರಡು ಅಂಗುಲದ ಫೋಮ್ ಚದರ ಮೀಟರಿಗೆ ಒಂದೂವರೆ ಕೆ.ಜಿ. ತೂಗಿದರೆ ಹೆಚ್ಚು, ಅದರ ಹಿಂದಿರುವ ಗೋಡೆಯ ತೂಕ ನೂರಾರು ಕೆ.ಜಿ. ಮೊಟ್ಟೆಯ ಟ್ರೇಯಂತೂ ಪ್ರತಿಧ್ವನಿಯನ್ನೂ ಸರಿಯಾಗಿ ಹೀರುವುದಿಲ್ಲ.

ತೆಗೆಯಿರಿ ಎಂದು ಒತ್ತಿ ಹೇಳುತ್ತಿರುವುದು ಬೆಂಕಿಯ ಕಾರಣಕ್ಕೆ. 2003ರ ಫೆಬ್ರವರಿಯಲ್ಲಿ ಅಮೆರಿಕದ ರೋಡ್ ಐಲೆಂಡಿನ ವೆಸ್ಟ್ ವಾರ್ವಿಕ್‌ನ ಒಂದು ನೈಟ್‌ಕ್ಲಬ್ಬಿನಲ್ಲಿ, ವೇದಿಕೆಯ ಹಿಂದೆ ಸದ್ದಿಗೆಂದು ಅಂಟಿಸಿದ್ದ ಪಾಲಿಯುರಿಥೇನ್ ಫೋಮಿಗೆ ಬಾಣಬಿರುಸಿನ ಕಿಡಿ ತಗುಲಿ 100 ಮಂದಿ ಸತ್ತರು. ಹತ್ತು ವರ್ಷಗಳ ನಂತರ, 2013ರ ಜನವರಿಯಲ್ಲಿ, ಬ್ರೆಜಿಲ್‌ನ ಸಾಂತಾ ಮರಿಯಾದ ಕ್ಲಬ್ಬೊಂದರಲ್ಲಿ ಮಾಳಿಗೆಯ ಫೋಮಿಗೆ ಇದೇ ರೀತಿ ಬೆಂಕಿ ಹತ್ತಿ 242 ಮಂದಿ ಸತ್ತರು. ಆ ಫೋಮ್ ಉರಿಯುವಾಗ ಬರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡೂ ಹೈಡ್ರೋಜನ್ ಸಯನೈಡೂ ಇರುತ್ತವೆ. ಒಂದೇ ಬಾಗಿಲಿನ, ಕಿಟಕಿ ಮುಚ್ಚಿದ, ಆಂಪ್ಲಿಫೈಯರಿನ ಎಕ್ಸ್‌ಟೆನ್ಶನ್ ವೈರುಗಳು ನೆಲದ ಮೇಲೆ ಹರಡಿದ ಮಹಡಿ ಕೋಣೆಯಲ್ಲಿ ಮಕ್ಕಳು ಹಾಡಲು ಕೂರುತ್ತಾರೆಂದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಪ್ರತಿಧ್ವನಿಗೆ ಬಟ್ಟೆ ಹೊದಿಸಿದ ರಾಕ್‌ವೂಲ್ ಹಲಗೆಗಳನ್ನು ಹಾಕಿಸಿ. ಆ ಉಣ್ಣೆ ಕಲ್ಲಿನಿಂದ ಮಾಡಿದ್ದು, ಉರಿಯುವುದಿಲ್ಲ.

ಕೆಳಗಿನ ಮನೆಗೆ ಹೋಗುತ್ತಿರುವ ಸದ್ದು ಗೋಡೆಯಿಂದಲ್ಲ, ನೆಲದಿಂದ ಹೋಗುತ್ತಿರಬೇಕು. ಸ್ಪೀಕರುಗಳನ್ನು ನೆಲದಿಂದ ಎತ್ತಿ ದಪ್ಪ ರಬ್ಬರ್ ಪಾದಗಳಿರುವ ಸ್ಟ್ಯಾಂಡಿನ ಮೇಲಿಟ್ಟು ಮೊದಲು ವ್ಯತ್ಯಾಸ ನೋಡಿ. ಆಗಲೂ ಕಡಿಮೆಯಾಗದಿದ್ದರೆ ಮೈಸೂರಿನವರಿಗೆ ಬರೆದ ಕ್ರಮವೊಂದೇ ದಾರಿ.

ಪ್ರಶ್ನೆ: ಗುತ್ತಿಗೆದಾರರು ಹಗುರವಾದ ಎಎಸಿ (ಗಾಳಿ ತುಂಬಿದ ಕಾಂಕ್ರೀಟ್) ಬ್ಲಾಕ್ ಬಳಸೋಣ, ಅದರೊಳಗೆ ಗಾಳಿಗುಳ್ಳೆಗಳಿರುವುದರಿಂದ ಸದ್ದು ಬರುವುದಿಲ್ಲ ಎನ್ನುತ್ತಾರೆ. ನಂಬಬಹುದೇ? (ತುಮಕೂರಿನ ಓದುಗರು)

ಉತ್ತರ: ಕಾವಿನ ಮಟ್ಟಿಗೆ ಅವರ ಮಾತು ನಿಜ, ಸದ್ದಿನ ಮಟ್ಟಿಗೆ ಅಲ್ಲ. ಎಂಟು ಅಂಗುಲದ ಎಎಸಿ ಗೋಡೆ ಗಿಲಾವು ಬಿಟ್ಟು ಚದರ ಮೀಟರಿಗೆ 120ರಿಂದ 130 ಕೆ.ಜಿ. ತೂಗುತ್ತದೆ, ಆರು ಅಂಗುಲದ ಸಾಲಿಡ್ ಕಾಂಕ್ರೀಟ್ ಬ್ಲಾಕಿನ ಗೋಡೆ ಅದಕ್ಕಿಂತ ತೆಳುವಾಗಿದ್ದೂ ಸುಮಾರು 300 ಕೆ.ಜಿ. ತೂಗುತ್ತದೆ. ತೂಕ ಇಮ್ಮಡಿಯಾದಾಗಲೆಲ್ಲ ಐದಾರು ಡೆಸಿಬೆಲ್ ಹೆಚ್ಚು ತಡೆ ಸಿಗುತ್ತದೆಂಬುದು ಈ ಶಾಸ್ತ್ರದ ಮೊದಲ ಲೆಕ್ಕ. ಎರಡು ಮನೆಗಳ ನಡುವಿನ ಗೋಡೆ, ಮಲಗುವ ಕೋಣೆಗೂ ಟಿ.ವಿ. ಇರುವ ಹಾಲಿಗೂ ನಡುವಿನ ಗೋಡೆ, ಇವೆರಡನ್ನು ಇಟ್ಟಿಗೆಯಲ್ಲೋ ಸಾಲಿಡ್ ಬ್ಲಾಕಿನಲ್ಲೋ ಕಟ್ಟಿಸಿ, ಉಳಿದೆಡೆ ಎಎಸಿ ಇರಲಿ. ಯಾವ ಬ್ಲಾಕಾದರೂ ಅಕ್ಕಪಕ್ಕದ ಬ್ಲಾಕುಗಳ ನಡುವಿನ ನಿಂತ ಸಂದುಗಳಲ್ಲಿ ಗಾರೆ ಪೂರ್ತಿ ತುಂಬಿಸಿ. ಗಿಲಾವನ್ನು ಫಾಲ್ಸ್ ಸೀಲಿಂಗಿನ ಮಟ್ಟಕ್ಕೇ ನಿಲ್ಲಿಸದೆ ಮೋಲ್ಡಿನವರೆಗೂ ಮಾಡಿಸಿ. ಕಣ್ಣಿಗೆ ಬೀಳದ ಆ ಒಂದಡಿಯಿಂದ ಪಕ್ಕದ ಕೋಣೆಯ ಮಾತು ಬರುವುದನ್ನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಎದುರುಬದುರಾಗಿ ಒಂದೇ ಜಾಗದಲ್ಲಿ ಸ್ವಿಚ್ ಬಾಕ್ಸುಗಳನ್ನು ಕೊರೆಯುವುದೂ ಅಷ್ಟೇ ಹಾನಿಕರ.

ಪ್ರಶ್ನೆ: ಬೆಂಗಳೂರಿನ ಹೊರವರ್ತುಲ ರಸ್ತೆಗೆ ಮುಖ ಮಾಡಿದ ಫ್ಲ್ಯಾಟಿನ ಮೂರನೆಯ ಮಹಡಿಯಲ್ಲಿದ್ದೇವೆ. ರಾತ್ರಿಯಿಡೀ ಲಾರಿಗಳ ಸದ್ದು. ಡಬಲ್ ಗ್ಲಾಸ್ ಕಿಟಕಿ ಹಾಕಿಸಿದರೆ ನೆಮ್ಮದಿ ಸಿಗುತ್ತದೆಯೇ? ದಪ್ಪ ಪರದೆ ಸಾಕಾಗುತ್ತದೆಯೇ? (ಬೆಂಗಳೂರಿನ ಓದುಗರು)

ಉತ್ತರ: ಪರದೆಯಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಡಬಲ್ ಗ್ಲಾಸಿನ ಬಗ್ಗೆ ಜಾಹೀರಾತುಗಳು ಹೇಳುವುದನ್ನು ಸ್ವಲ್ಪ ತಡೆದು ಕೇಳಬೇಕು. ಎರಡು ಗಾಜುಗಳ ನಡುವೆ 12 ಮಿಲಿಮೀಟರ್ ಬಿಡುವಿರುವ ಸಾಮಾನ್ಯ ಡಬಲ್ ಗ್ಲಾಸ್ ಕಾವು ತಡೆಯಲೆಂದು ಬಂದದ್ದು. ಲಾರಿಯ ಗುಡುಗಿನಂಥ ತಗ್ಗಿನ ಸದ್ದಿಗೆ ಆ ಬಿಡುವು ಬಹಳ ಚಿಕ್ಕದು. ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು ಅಷ್ಟೇ ದಪ್ಪದ ಮಾಮೂಲಿ ಗಾಜಿಗಿಂತ ಉತ್ತಮ. 6 ಮಿಲಿಮೀಟರಿನ ಮಾಮೂಲಿ ಗಾಜು 2000 ಹರ್ಟ್ಸ್ ಆಸುಪಾಸಿನಲ್ಲಿ ತಾನೇ ಸದ್ದಿನೊಂದಿಗೆ ತಾಳ ಸೇರಿಸಿ ಅದನ್ನು ಒಳಗೆ ಬಿಡುತ್ತದೆ, ಪ್ಲಾಸ್ಟಿಕ್ ಪದರ ಆ ಕಂಪನವನ್ನು ಅಡಗಿಸುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ ಈಗಿರುವ ಕಿಟಕಿಯನ್ನು ಹಾಗೆಯೇ ಬಿಟ್ಟು, ಗೋಡೆಯ ಒಳಮೈಯಲ್ಲಿ ನಾಲ್ಕು ಅಂಗುಲ ಬಿಟ್ಟು ಇನ್ನೊಂದು ಕಿಟಕಿ ಕೂರಿಸುವುದು. ಎರಡರ ಗಾಜಿನ ದಪ್ಪ ಬೇರೆ ಬೇರೆಯಾಗಿರಲಿ, ಆಗ ಎರಡೂ ಒಂದೇ ಸ್ವರಕ್ಕೆ ಸೋಲುವುದಿಲ್ಲ. ಒಳಗಿನದು ಸರಿಸುವ ಕಿಟಕಿಯಾಗಿರಬಾರದು. ಸರಿಸುವ ಕಿಟಕಿಯ ಹಳಿಯಲ್ಲಿ ಬ್ರಷ್ ಮಾತ್ರವಿದ್ದು ಗಾಳಿ ನುಸುಳುತ್ತದೆ. ಬಾಗಿಲಿನ ಹಾಗೆ ತೆರೆದು, ಮುಚ್ಚಿದಾಗ ಗ್ಯಾಸ್ಕೆಟ್ಟಿಗೆ ಒತ್ತಿಕೊಳ್ಳುವ ಕಿಟಕಿ ಬೇಕು. ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಗೆ ಕೆಲಸದವರು ಸ್ಪ್ರೇ ಫೋಮ್ ಊದಿ ಮುಗಿಸುತ್ತಾರೆ. ಅದು ಹಗುರವಾದ ವಸ್ತು. ಅದರ ಬದಲು ಗಾರೆ ತುಂಬಿಸಿ ಎರಡೂ ಬದಿ ಸೀಲೆಂಟ್ ಎಳೆಸಿ. ಜೊತೆಗೆ ಎಸಿ ಪೈಪಿಗೆಂದು ಕೊರೆದ ತೂತು, ಮೇಲಿನ ವೆಂಟಿಲೇಟರ್ ಇವನ್ನೂ ನೋಡಿ.

ಒಂದು ಎಚ್ಚರಿಕೆ ಕೊಡದೆ ಮುಂದೆ ಹೋಗಲಾರೆ. ಮಲಗುವ ಕೋಣೆಗೆ ಸೇರಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ, ಕಿಟಕಿಗಳನ್ನು ಬಿಗಿಮಾಡುವ ಮೊದಲು ಅದನ್ನು ಗಾಳಿಯಾಡುವ ಹೊರಗಿನ ಜಾಗಕ್ಕೆ ಸಾಗಿಸಿ. ಮುಚ್ಚಿದ ಜಾಗದಲ್ಲಿ ಅದು ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮತ್ತು ನಮ್ಮ ರಾಜ್ಯದಲ್ಲಿ ಅದರಿಂದ ಜೀವಗಳು ಹೋಗಿವೆ.

ಪ್ರಶ್ನೆ: ಮನೆಯ ಒಂದು ಚಿಕ್ಕ ಕೋಣೆಯಲ್ಲಿ ಕತೆ, ಕವಿತೆ ಓದಿ ಧ್ವನಿಮುದ್ರಿಸುತ್ತೇನೆ. ಎಲ್ಲ ಸಂದುಗಳನ್ನೂ ಮುಚ್ಚಿದ್ದೇನೆ. ಹೊರಗಿನ ಸದ್ದು ಬಹಳ ಕಡಿಮೆಯಾಗಿದೆ. ಆದರೆ ಒಂದು ಗಂಟೆ ಕೂರುವಷ್ಟರಲ್ಲಿ ತಲೆ ಭಾರವಾಗುತ್ತದೆ, ಎಸಿ ಹಾಕಿದರೂ ಹಾಗೆಯೇ. ಧ್ವನಿಯೂ ಡಬ್ಬಿಯೊಳಗಿನಿಂದ ಬಂದಂತಿದೆ. (ಧಾರವಾಡದ ಓದುಗರು)

ಉತ್ತರ: ತಲೆಭಾರಕ್ಕೆ ಮೊದಲು ಅನುಮಾನಿಸಬೇಕಾದದ್ದು ಕೋಣೆಯ ಗಾಳಿಯನ್ನು. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆಯೇ ಹೊರತು ಹೊರಗಿನ ಗಾಳಿಯನ್ನು ತರುವುದಿಲ್ಲ. ಕುಳಿತ ಮನುಷ್ಯನೊಬ್ಬ ಗಂಟೆಗೆ ಸುಮಾರು 20 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. 10x12 ಅಡಿಯ ಕೋಣೆಯನ್ನು ಪೂರ್ತಿ ಮುಚ್ಚಿ ಇಬ್ಬರು ಕೂತರೆ ಅದರ ಪ್ರಮಾಣ ಗಂಟೆಗೆ ಹತ್ತು ಲಕ್ಷ ಭಾಗದಲ್ಲಿ 1300 ಭಾಗದಷ್ಟು ಏರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಇರುವುದೇ 420ರ ಆಸುಪಾಸು. ನಿಮ್ಮ ಕೋಣೆ ಇನ್ನೂ ಚಿಕ್ಕದಾದ್ದರಿಂದ ಒಬ್ಬರೇ ಕೂತರೂ ಗಾಳಿ ಬೇಗ ಕೆಡುತ್ತದೆ. ಸದ್ದು ತಡೆಯುವ ಕೋಣೆ ಕಟ್ಟುವವರು ಎಲ್ಲಕ್ಕಿಂತ ಹೆಚ್ಚು ಮರೆಯುವುದು ಇದನ್ನೇ, ಮತ್ತು ಇದು ಆರೋಗ್ಯದ ವಿಷಯವಾದ್ದರಿಂದ ನಾನು ಎಲ್ಲ ನಕ್ಷೆಗಳಲ್ಲೂ ಮೊದಲು ಹುಡುಕುವುದೂ ಇದನ್ನೇ.

ಗಾಳಿಗೆ ದಾರಿ ಕೊಟ್ಟು ಸದ್ದಿಗೆ ಕೊಡದಿರುವುದು ಹೇಗೆಂದರೆ, ದಾರಿಯನ್ನು ಉದ್ದವಾಗಿಯೂ ಸೊಟ್ಟಸೊಟ್ಟಾಗಿಯೂ ಮಾಡಬೇಕು. ದಪ್ಪ ಪ್ಲೈವುಡ್ಡಿನಲ್ಲಿ ಆರಡಿ ಉದ್ದದ ಪೆಟ್ಟಿಗೆ ಮಾಡಿಸಿ, ಒಳಗೆ ಅಡ್ಡಹಲಗೆಗಳನ್ನಿಟ್ಟು ಗಾಳಿ ಎರಡು ಮೂರು ಸಲ ತಿರುಗಿಕೊಂಡು ಹೋಗುವಂತೆ ಮಾಡಿ, ಒಳಮೈಗೆಲ್ಲ ಮೇಲೆ ತೆಳುಬಟ್ಟೆಯಿರುವ ಒಂದು ಅಂಗುಲದ ಗ್ಲಾಸ್‌ವೂಲ್ ಹೊದಿಸಬೇಕು. ಗಾಳಿ ಪ್ರತಿಯೊಂದು ತಿರುವನ್ನೂ ದಾಟಿ ಹೋಗುತ್ತದೆ, ಸದ್ದು ಪ್ರತಿ ತಿರುವಿನಲ್ಲೂ ಉಣ್ಣೆಗೆ ಬಡಿದು ಕುಗ್ಗುತ್ತದೆ. ಒಳಬರುವ ಗಾಳಿಗೊಂದು, ಹೊರಹೋಗುವ ಗಾಳಿಗೊಂದು, ಹೀಗೆ ಎರಡು ಪೆಟ್ಟಿಗೆ ಬೇಕು. ಫ್ಯಾನನ್ನು ಪೆಟ್ಟಿಗೆಯ ಕೋಣೆಯ ಕಡೆಗಲ್ಲ, ಹೊರಗಿನ ತುದಿಯಲ್ಲಿ ಕೂರಿಸಿ, ದೊಡ್ಡ ಫ್ಯಾನನ್ನು ನಿಧಾನವಾಗಿ ಓಡಿಸಿ. ಬಾಯಿ ಅಗಲವಾಗಿದ್ದು ಗಾಳಿ ಮೆಲ್ಲಗೆ ಬಂದರೆ ಮೈಕಿಗೆ ಹುಸ್ಸೆಂಬ ಸದ್ದು ಬರುವುದಿಲ್ಲ. ಕರೆಂಟು ಹೋದಾಗಲೂ ತಿರುಗುವಂತೆ ಆ ಫ್ಯಾನಿಗೆ ಯುಪಿಎಸ್ ಸಂಪರ್ಕ ಕೊಡಿಸಿ. ಪೆಟ್ಟಿಗೆ ಮಾಡಿಸುವವರೆಗೆ ಅರ್ಧ ಗಂಟೆಗೊಮ್ಮೆ ಬಾಗಿಲು ತೆರೆದಿಟ್ಟು ಎದ್ದು ಬನ್ನಿ. ಗಾಳಿ ಸರಿಯಾದ ಮೇಲೂ ತಲೆನೋವು ಉಳಿದರೆ ವೈದ್ಯರಿಗೆ ತೋರಿಸಬೇಕು.

ಡಬ್ಬಿಯ ಧ್ವನಿಗೆ ಕಾರಣ ಎದುರುಬದುರಾದ ಬೋಳು ಗೋಡೆಗಳು. ನಾಲ್ಕು ಅಂಗುಲದ ರಾಕ್‌ವೂಲ್ ಹಲಗೆಗಳನ್ನು ಬಟ್ಟೆ ಹೊದಿಸಿ ಮೂಲೆಗಳಲ್ಲೂ ನಿಮ್ಮ ಮುಖದ ಎದುರಿನ ಗೋಡೆಯಲ್ಲೂ ನಿಲ್ಲಿಸಿ. ಪುಸ್ತಕ ತುಂಬಿದ ಕಪಾಟು, ಬಟ್ಟೆ ತೂಗುಹಾಕಿದ ತೆರೆದ ಅಲಮಾರು ಇವೂ ಚೆನ್ನಾಗಿ ಕೆಲಸ ಮಾಡುತ್ತವೆ.

ಪ್ರಶ್ನೆ: ಮುರಕಲ್ಲಿನ ಗೋಡೆ, ಹಂಚಿನ ಮಾಡಿನ ಹಳೆಯ ಮನೆ ನಮ್ಮದು. ಮಗ ಯಕ್ಷಗಾನದ ಚೆಂಡೆ ಕಲಿಯುತ್ತಿದ್ದಾನೆ. ಹಂಚಿನ ಕೆಳಗೆ ಜಿಪ್ಸಂ ಸೀಲಿಂಗ್ ಮಾಡಿಸಿದರೆ ನೆರೆಯವರಿಗೆ ಸದ್ದು ಕಡಿಮೆಯಾದೀತೇ? (ಉಡುಪಿಯ ಓದುಗರು)

ಉತ್ತರ: ಸ್ವಲ್ಪ ಕಡಿಮೆಯಾದೀತು, ನೀವು ನಿರೀಕ್ಷಿಸುವಷ್ಟಲ್ಲ. ಮುರಕಲ್ಲಿನ ದಪ್ಪ ಗೋಡೆ ಭಾರವಾದದ್ದು. ಕಲ್ಲಿನ ಮೈ ತೂತುತೂತಾಗಿರುವುದರಿಂದ ಎರಡೂ ಬದಿ ಗಿಲಾವು ಮಾಡಿಸಿದರೆ ಗೋಡೆಯ ಮಟ್ಟಿಗೆ ಯೋಚನೆಯಿಲ್ಲ. ಆದರೆ ಹಂಚುಗಳ ಜೋಡಣೆ ಗಾಳಿಯಾಡಲೆಂದೇ ಇರುವಂಥದ್ದು. ಗೋಡೆಯ ತಲೆಗೂ ಮಾಡಿಗೂ ನಡುವೆಯೂ ತೆರಪಿರುತ್ತದೆ, ಸದ್ದೆಲ್ಲ ಅಲ್ಲಿಂದಲೇ ಹೋಗುತ್ತದೆ. ಒಂದು ಪದರದ ಜಿಪ್ಸಂ ಹಲಗೆ ಚದರ ಮೀಟರಿಗೆ ಒಂಬತ್ತು ಕೆ.ಜಿ.ಯಷ್ಟೂ ತೂಗದು, ಚೆಂಡೆಯ ಪೆಟ್ಟಾದರೋ ಮೃದಂಗಕ್ಕಿಂತ ಬಹಳ ಜೋರು. ಮನೆಯ ನಡುವಿನ ಒಂದು ಕೋಣೆಗೆ ಮಾತ್ರ ಹಂಚಿನ ಕೆಳಗೆ ಕಾಂಕ್ರೀಟ್ ಹಲಗೆ ಹಾಕಿಸಿ ಅದನ್ನು ಪೆಟ್ಟಿಗೆಯ ಹಾಗೆ ಮುಚ್ಚಲು ಸಾಧ್ಯವಾದರೆ, ಮತ್ತು ಹಳೆಯ ಗೋಡೆ ಆ ಭಾರ ಹೊರುತ್ತದೆಂದು ಎಂಜಿನಿಯರರು ಒಪ್ಪಿದರೆ, ಆಗ ಮೈಸೂರಿನವರಿಗೆ ಬರೆದ ಬಾಗಿಲು, ಒಳಗೋಡೆಗಳ ಕ್ರಮವನ್ನು ಅನುಸರಿಸಬಹುದು.

ತೋಟವಿದ್ದರೆ ಇನ್ನೊಂದು ದಾರಿಯೂ ಇದೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ನೆರೆಮನೆಯಿಂದ 10 ಮೀಟರಿನಲ್ಲಿ ನುಡಿಸುವುದನ್ನು 40 ಮೀಟರಿಗೆ ಸಾಗಿಸಿದರೆ 12 ಡೆಸಿಬೆಲ್ ಕಡಿಮೆ, ಅಂದರೆ ಕಿವಿಗೆ ಅರ್ಧಕ್ಕಿಂತಲೂ ಕಡಿಮೆಯೆನಿಸುತ್ತದೆ. ತೋಟದ ಆ ಮೂಲೆಯಲ್ಲಿ ಮುರಕಲ್ಲಿನ ಮೂರು ಗೋಡೆ ಎಬ್ಬಿಸಿ, ತೆರೆದ ಬದಿಯನ್ನು ಮನೆಗಳಿಲ್ಲದ ದಿಕ್ಕಿಗೆ ಇಟ್ಟರೆ ಇನ್ನಷ್ಟು ಕಡಿಮೆಯಾಗುತ್ತದೆ. ಮುಚ್ಚಿದ ಚಿಕ್ಕ ಕೋಣೆಯಲ್ಲಿ ಚೆಂಡೆ ಬಾರಿಸುವ ಹುಡುಗನ ಕಿವಿಗೂ ಅಪಾಯವಿದೆ. ಅಲ್ಲಿ ಕೂರುವುದಾದರೆ ಒಳಗೋಡೆಗಳಿಗೆ ರಾಕ್‌ವೂಲ್ ಹಲಗೆ ಹಾಕಿಸಿ, ಕಿವಿಗೆ ರಕ್ಷಣೆಯ ಬೆಣೆಗಳನ್ನು ಕೊಡಿಸಿ. ತೋಟದ ಚಪ್ಪರದಲ್ಲಿ ಆ ಅಪಾಯ ಬಹಳಷ್ಟು ಕಡಿಮೆ, ಖರ್ಚೂ ಕಡಿಮೆ. ನಿಮ್ಮ ಪರಿಸ್ಥಿತಿಯಲ್ಲಿ ನಾನು ಅದನ್ನೇ ಮೊದಲು ಮಾಡಿಸುತ್ತಿದ್ದೆ.